ಪೆಟ್ರೋಲಿಗೆ ಪಿಎಚ್ ಎಷ್ಟು? ಕಾರ್ಬ್ಯುರೇಟರ್ ತಿಂದುಹೋಗಿದೆ

ಮೂಡಿಗೆರೆ ತೋಟದವ:
ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಕಳೆ ಹೊಡೆಯೋ ಮೆಷಿನ್ನನ್ನ ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇರುವಾಗಲೇ ಶೆಡ್ಡಲ್ಲಿ ಇಟ್ಟಿದ್ದೆ. ಜೋರು ಮಳೆ ಮುಗಿದಮೇಲೆ ತೆಗೆದ್ರೆ ಸ್ಟಾರ್ಟ್ ಇಲ್ಲ. ಕಾರ್ಬ್ಯುರೇಟರ್ ಬಿಚ್ಚಿದ್ರೆ ಒಳಗೆಲ್ಲ ಬಿಳಿ ಪುಡಿ, ಅಲ್ಲಲ್ಲಿ ಗುಳಿ. ಮೆಕ್ಯಾನಿಕ್‌ದು ಒಂದೇ ಮಾತು, "ಈಗಿನ ಪೆಟ್ರೋಲ್ ಆಸಿಡ್ ಸಾರ್".
ಬೋರ್ಡೋ ದ್ರಾವಣ (ತಾಮ್ರದ ಮೈಲುತುತ್ತ, ಸುಣ್ಣ ಸೇರಿಸಿ ರೋಗಕ್ಕೆ ಹೊಡೆಯೋದು) ನೋಡೋಕೆ ಇಟ್ಕೊಂಡಿರೋ ಪಿಎಚ್ ಕಾಗದವನ್ನ (ಆಸಿಡ್ ಎಷ್ಟು ಅಂತ ಬಣ್ಣದಲ್ಲಿ ತೋರಿಸೋದು) ಪೆಟ್ರೋಲಿಗೆ ಅದ್ದಿದೆ. ಹಳದಿ ಬಣ್ಣ, ಚಾರ್ಟ್ ಪ್ರಕಾರ 5-6ರ ಮಧ್ಯೆ. ಪೆನ್ ಮೀಟರ್ ಇಳಿಸಿದ್ರೆ ಒಂದ್ಸಲ 4, ಇನ್ನೊಂದ್ಸಲ 8, ನಿಲ್ಲೋದೇ ಇಲ್ಲ. ಪೆಟ್ರೋಲ್ ಆಸಿಡ್ಡೋ ಅಲ್ವೋ? ಸುಣ್ಣ ಗಿಣ್ಣ ಹಾಕಿ ಸರಿಮಾಡಬಹುದಾ? (ನಗಬೇಡಿ, ತೋಟದವರಿಗೆ ಎಲ್ಲದಕ್ಕೂ ಸುಣ್ಣವೇ ಮದ್ದು.)

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:
ದಯವಿಟ್ಟು ಸುಣ್ಣ ಹಾಕಬೇಡಿ, ಪೆಟ್ರೋಲಲ್ಲಿ ಕರಗದೆ ಜೆಟ್ಟಿಗೆ (ಕಾರ್ಬ್ಯುರೇಟರಿನ ಸಣ್ಣ ತೂತಿಗೆ) ಹೋಗಿ ಕೂರುತ್ತೆ.

ಪೆಟ್ರೋಲಿನ ಪಿಎಚ್ 5 ಅಲ್ಲ, 7ಊ ಅಲ್ಲ. ಅದಕ್ಕೆ ಪಿಎಚ್ ಅನ್ನೋದೇ ಇಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಈ ಅಳತೆ ತಂದಿದ್ದು ನೀರಿನ ದ್ರಾವಣಗಳಿಗೆ (ಬಿಯರ್ ಕಂಪನಿಯ ಲ್ಯಾಬು, ಬೇರೇನು ಅಳೀತಾರೆ). ನೀರಿನ ಅಣುಗಳಲ್ಲಿ ಅತ್ಯಲ್ಪ ಭಾಗ ತಾನೇ ಒಡೆದು 25 ಡಿಗ್ರಿಯಲ್ಲಿ ಲೀಟರಿಗೆ 10ರ ಘಾತ ಮೈನಸ್ 7 ಮೋಲ್ ಹೈಡ್ರೋಜನ್ ಅಯಾನು ಕೊಡುತ್ತೆ. ತಟಸ್ಥ ಅನ್ನೋ ಆ 7 ಬಂದಿದ್ದು ಅಲ್ಲಿಂದ, ಅದಕ್ಕಿಂತ ಕಡಿಮೆಯಾದ್ರೆ ಆಮ್ಲ. ದ್ರಾವಕ ಬದಲಾದ್ರೆ 7ಕ್ಕೆ ಬೆಲೆಯಿಲ್ಲ. ಶುದ್ಧ ಎಥನಾಲ್‌ನಲ್ಲಿ ತಟಸ್ಥ ಬಿಂದು 9.5ರ ಆಸುಪಾಸು. ಪೆಟ್ರೋಲೋ, 4ರಿಂದ 12 ಕಾರ್ಬನ್‌ಗಳ ಹೈಡ್ರೋಕಾರ್ಬನ್‌ಗಳ ಕಲಬೆರಕೆ. ಅವು ಒಡೆಯೋದೂ ಇಲ್ಲ, ಯಾರಾದ್ರೂ ಒಡೆದುಕೊಟ್ರೆ ಅಯಾನುಗಳನ್ನ ಬೇರೆಬೇರೆ ಇಟ್ಟುಕೊಳ್ಳೋ ತಾಕತ್ತೂ ಇಲ್ಲ. ಆ ತಾಕತ್ತಿನ ಅಳತೆ ಡೈಎಲೆಕ್ಟ್ರಿಕ್ ಸ್ಥಿರಾಂಕ: ನೀರಿಂದು 80ರ ಹತ್ತಿರ, ಪೆಟ್ರೋಲಿಂದು ಸುಮಾರು 2.

ನೀವು ನೋಡಿದ ಹಳದಿ ಬಹುಶಃ ಕಾಗದದ್ದೇ ಒಣ ಬಣ್ಣ. ಇನ್ನೊಂದು ಕಾಗದ ತೆಗೆದು ಯಾವುದಕ್ಕೂ ಅದ್ದದೆ ಚಾರ್ಟ್ ಪಕ್ಕ ಹಿಡೀರಿ. ಮೀಟರಿನ ಗಾಜಿನ ಬುರುಡೆ ಕೆಲಸ ಮಾಡೋಕೆ ಅದರ ಮೈ ನೀರಲ್ಲಿ ನೆನೆದಿರಬೇಕು, ದ್ರವದಲ್ಲಿ ವಿದ್ಯುತ್ ಹರೀಬೇಕು. ಪೆಟ್ರೋಲಲ್ಲಿ ಎರಡಕ್ಕೂ ದಾರಿಯಿಲ್ಲ, ಅದಕ್ಕೇ ಅಂಕಿ ಕುಣಿದಿದ್ದು.

ಹಾಗಂತ ಇಂಧನದಲ್ಲಿ ಆಮ್ಲ ಇರೋದೇ ಇಲ್ಲ ಅಂತಲ್ಲ. ಅದನ್ನ ಆಮ್ಲಸಂಖ್ಯೆ ಅಂತ ಬೇರೆ ಲೆಕ್ಕದಲ್ಲಿ ಹೇಳ್ತಾರೆ: 1 ಗ್ರಾಂ ಇಂಧನದ ಆಮ್ಲ ತಣಿಸೋಕೆ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಅಂತ. ಎಎಸ್‌ಟಿಎಂ (ಅಮೆರಿಕದ ಮಾನಕ ಸಂಸ್ಥೆ) ಡಿ664 ವಿಧಾನದಲ್ಲಿ ಸ್ಯಾಂಪಲನ್ನ ಟಾಲೀನ್, ಐಸೋಪ್ರೊಪನಾಲ್, ಚೂರು ನೀರಿನ ಮಿಶ್ರಣದಲ್ಲಿ ಕರಗಿಸಿ ಟೈಟ್ರೇಟ್ ಮಾಡ್ತಾರೆ, ಅಂದ್ರೆ ಆಮ್ಲ ತಣಿಯೋವರೆಗೂ ಅಳೆದು ಅಳೆದು ಕ್ಷಾರ ಹಾಕ್ತಾರೆ. ಬಯೋಡೀಸೆಲ್‌ಗೆ ಅಮೆರಿಕದ ಮಿತಿ 0.50.

ಸಕಲೇಶಪುರ ಗ್ಯಾರೇಜ್:
ಮೇಷ್ಟ್ರೇ, ಪಾಠ ಒಪ್ಪಿದೆ, ಆದ್ರೆ ಆ ಬಿಳಿ ಪುಡಿ ಎಲ್ಲಿಂದ ಬಂತು? ಮಳೆಗಾಲ ಮುಗಿದ್ರೆ ನಮ್ಮಲ್ಲಿ ಇಂಥ ಮೆಷಿನ್ನುಗಳ ಸಾಲೇ ನಿಲ್ಲುತ್ತೆ. ತಳದಲ್ಲಿ ಯಾವಾಗ್ಲೂ ನೀರು. ಈಗ ಬಂಕಲ್ಲಿ ಸಿಗೋದು ಇ20 (ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್), ಅದರಲ್ಲಿರೋ ಎಥನಾಲ್ ತೇವ ಎಳೆಯುತ್ತೆ. 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಲ್ಲೇ ಬೆರೆಸೋ ಆಯಿಲ್) ಹಾಕಿದ್ದೀನಲ್ಲ ಅಂತಾರೆ, ಅದು ತೇವ ತಡೆಯಲ್ಲ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:
ನೀವು ಹೇಳಿದ ತಳದ ನೀರೇ ಕಳ್ಳ. ತೇವ ಒಂದು ಮಿತಿ ದಾಟಿದ್ರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತೆ. ಆ ಪದರದಲ್ಲಿ ಅಯಾನುಗಳು ಓಡಾಡ್ತವೆ, ಎಥನಾಲ್‌ನಲ್ಲಿ ಚೂರುಪಾರು ಅಸಿಟಿಕ್ ಆಮ್ಲವೂ ಇರಬಹುದು, ಹಾಗಾಗಿ ಅಲ್ಯೂಮಿನಿಯಂ, ಸತುವಿನ ಮಿಶ್ರಲೋಹ ತುಕ್ಕು ಹಿಡಿದು ಬಿಳಿ ಪುಡಿಯಾಗುತ್ತೆ. ಪಿಎಚ್ ಕಾಗದಕ್ಕೆ ಕೆಲಸ ಇರೋದು ಆ ಪದರದಲ್ಲಿ, ಅದೂ ಅಂದಾಜಿಗೆ ಮಾತ್ರ, ಯಾಕಂದ್ರೆ ಅದು ಬರೀ ನೀರಲ್ಲ. ಇಂಧನಕ್ಕೆ ಹಾಕೋ ಎಥನಾಲ್‌ಗೆ ಅಂತಲೇ 'ಪಿಎಚ್‌ಇ' ಅನ್ನೋ ಪ್ರತ್ಯೇಕ ಅಳತೆ ಇದೆ, ಎಎಸ್‌ಟಿಎಂ ಡಿ6423. ಆ ಅಂಕಿಯನ್ನ ನೀರಿನ ಪಿಎಚ್ ಜೊತೆ ತೂಗೋ ಹಾಗಿಲ್ಲ.

ಎಥನಾಲ್ ಎಷ್ಟಿದೆ ಅಂತ ನೋಡಬೇಕಾ? ಬೆಂಕಿಯಿಂದ ದೂರ, ಬಯಲಲ್ಲಿ, ಅಳತೆ ಜಾಡಿಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಅಲ್ಲಾಡಿಸಿ ಬಿಡಿ. ಎಥನಾಲ್ ನೀರಿಗೆ ಇಳಿಯೋದ್ರಿಂದ, ಇ20 ಆಗಿದ್ರೆ ಕೆಳಗಿನ ಪದರ 28 ಮಿ.ಲೀ. ಹತ್ತಿರ (10 ನೀರು, 18 ಎಥನಾಲ್) ಬಂದು ನಿಲ್ಲುತ್ತೆ.

ಮೂಡಿಗೆರೆ ತೋಟದವ:
ಒಣ ಕಾಗದ ಹಿಡಿದು ನೋಡಿದೆ, ಡಿಟ್ಟೋ ಅದೇ ಹಳದಿ! ಟ್ಯಾಂಕಿನ ತಳದಿಂದ ಸಿರಿಂಜಲ್ಲಿ ಎಳೆದ ನೀರಿಗೆ ಅದ್ದಿದಾಗ ಕಾಗದ ಕಿತ್ತಳೆಗೆ ತಿರುಗ್ತು, ಅಂದ್ರೆ ಆಸಿಡ್ಡೇ. ಇನ್ಮೇಲೆ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ಆಫ್ ಆಗೋವರೆಗೂ ಓಡಿಸಿದ್ರೆ ಸಾಕಲ್ವಾ? ಮತ್ತೆ ಪೆನ್ ಮೀಟರ್ ಕಥೆ ಏನು? ಮೆಣಸಿಗೆ ಬೋರ್ಡೋ ಹೊಡೆಯೋಕೆ ಅದು ಬೇಕು.

ಸಕಲೇಶಪುರ ಗ್ಯಾರೇಜ್:
ಸಾಕು. ಕ್ಯಾನಲ್ಲಿ ಉಳಿದಿದ್ದನ್ನ ಬೈಕಿಗೆ ಸುರಿಬೇಡಿ, ತಳದಲ್ಲಿ ನೀರಿರುತ್ತೆ.

ಹಾಸನದ ಕೆಮಿಸ್ಟ್ರಿ ಮೇಷ್ಟ್ರು:
ಮೀಟರನ್ನ ಸೋಪಿನ ನೀರಲ್ಲಿ ಮೆತ್ತಗೆ ತೊಳೆದು, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿ. ಆಮೇಲೆ ಪಿಎಚ್ 7 ಮತ್ತು 4ರ ಬಫರ್‌ಗಳಲ್ಲಿ (ಪಿಎಚ್ ಗೊತ್ತಿರೋ ದ್ರಾವಣಗಳಲ್ಲಿ) ನೋಡಿ. ಅಲ್ಲೂ ಅಂಕಿ ನಿಲ್ಲದಿದ್ರೆ ಬೇರೆ ಮೀಟರ್ ತಗೊಳ್ಳಿ. ಅಲ್ಲೀತನಕ ಬೋರ್ಡೋಗೆ ನಿಮ್ಮಪ್ಪನ ಕಾಲದ ಕತ್ತಿ ಪರೀಕ್ಷೆ ಸಾಕು: ಉಜ್ಜಿದ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪಗೆ ತಾಮ್ರ ಕೂತ್ರೆ ಇನ್ನಷ್ಟು ಸುಣ್ಣ. ಅಲ್ಲಿ ಧಾರಾಳವಾಗಿ ಹಾಕಿ.