ಸಹಾಯ ಬೇಕು: ಮಗಳು ಹೋದ ಮೇಲೆ ಮತ್ತೆ ಚಿತ್ರ ಬರೆಯುವುದು ಹೇಗೆ?

ಎಂಟು ವರ್ಷದ ಮಗಳನ್ನು ಕಳೆದುಕೊಂಡು ಹದಿನಾಲ್ಕು ತಿಂಗಳಾದವು. ಮೊದಲು ದಿನವೂ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದ ನಾನು ಈಗ ಕುಂಚ ಹಿಡಿದರೆ ಅವಳ ಮುಖವನ್ನಲ್ಲದೆ ಬೇರೇನನ್ನೂ ಬರೆಯಲಾರೆ, ಆ ಮುಖವನ್ನೂ ಮುಗಿಸಲಾರೆ.

ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರು 1914ರಲ್ಲಿ ಯುದ್ಧದಲ್ಲಿ ಮಡಿದ ಮಗ ಪೀಟರ್‌ನ ಸ್ಮಾರಕವನ್ನು ಆರಂಭಿಸಿ, ನಡುವೆ ಕೈಬಿಟ್ಟು, ಕೊನೆಗೆ ಮಗನ ಆಕೃತಿಯನ್ನೇ ತೆಗೆದು, ಮಂಡಿಯೂರಿದ ತಂದೆತಾಯಿಯರನ್ನಷ್ಟೇ ಕಲ್ಲಿನಲ್ಲಿ ಉಳಿಸಿ, 1932ರಲ್ಲಿ ಬೆಲ್ಜಿಯಂನ ಸಮಾಧಿಸ್ಥಳದಲ್ಲಿ ನಿಲ್ಲಿಸಿದರೆಂದು ಓದಿದಾಗ ನನ್ನ ನಿಧಾನಕ್ಕೂ ಒಂದು ಅರ್ಥವಿರಬಹುದು ಅನ್ನಿಸಿತು. (ಸಮಾಧಾನ ಎನ್ನಲಾರೆ, ಆ ಪದ ನನಗಿನ್ನೂ ಒಗ್ಗಿಲ್ಲ.)

ಮಗುವನ್ನು ಕಳೆದುಕೊಂಡ ಬಳಿಕ ಚಿತ್ರಕ್ಕೋ ಸಂಗೀತಕ್ಕೋ ಬರವಣಿಗೆಗೋ ಮರಳಿದವರು ಇಲ್ಲಿದ್ದರೆ, ಅಪೂರ್ಣವಾಗಿ ಉಳಿದದ್ದನ್ನು ಏನು ಮಾಡಿದಿರಿ, ಬೇರೆ ವಸ್ತುವಿನತ್ತ ಮೊದಲು ಕೈ ಹೋದದ್ದು ಹೇಗೆ ಎಂಬುದನ್ನು ದಯವಿಟ್ಟು ತಿಳಿಸಿ. ಕಾಲವೇ ಎಲ್ಲವನ್ನೂ ಮರೆಸುತ್ತದೆ ಎಂದು ಮಾತ್ರ ಬರೆಯಬೇಡಿ.