ಪೆಲೆಟ್ ಬಾಯ್ಲರ್, ಹೀಟ್ ಪಂಪ್ ಎರಡೂ ಒಂದೇ ಟ್ಯಾಂಕಿಗೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬಿಸಿನೀರಿಗೆ ನಮ್ಮಲ್ಲಿ 500 ಲೀಟರ್ ಟ್ಯಾಂಕ್ ಇದೆ. ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡುಗಳು) ಉರಿಸುವ ಬಾಯ್ಲರ್ ಮೊದಲೇ ಇತ್ತು, ಈಗ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಎಳೆದು ನೀರು ಕಾಯಿಸುವ ಯಂತ್ರ) ಸೇರಿಸಿದ್ದೇವೆ. ದಿನವೂ ಪಂಪ್ ನೀರನ್ನು 50 ಡಿಗ್ರಿಗೆ ತರಬೇಕು. ಚಳಿ ಜಾಸ್ತಿಯಾದಾಗ, ಮತ್ತೆ ವಾರಕ್ಕೊಮ್ಮೆ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಸಾಯಲಿ ಎಂದು 60 ದಾಟಿಸುವಾಗ, ಬಾಯ್ಲರ್ ಉರಿಯಬೇಕು. ಲೆಕ್ಕ ಇದು. ಆಗುತ್ತಿರುವುದೇ ಬೇರೆ.

ಬಾಯ್ಲರ್ ಒಮ್ಮೆ ಹತ್ತಿಕೊಂಡರೆ ಇಡೀ ಟ್ಯಾಂಕ್ 70ಕ್ಕೆ ಏರುತ್ತದೆ. ಆಮೇಲೆ ಪಂಪಿಗೆ ವಾಪಸ್ ಹೋಗುವ ನೀರೇ ಸುಡುತ್ತಿರುತ್ತದೆ. ಅದು ಹೈ ಪ್ರೆಶರ್ ಎರರ್ ತೋರಿಸಿ ನಿಂತುಬಿಡುತ್ತದೆ. ದುಡ್ಡು ಸುರಿದು ತಂದಿದ್ದು ಸುಮ್ನೆ ಕೂತಿದೆ!

ಬಾಯ್ಲರನ್ನು 60ಕ್ಕೆ ಇಳಿಸಿ ನೋಡಿದೆ. ಪದೇ ಪದೇ ಹತ್ತಿ ಆರಿ ಒಳಗೆಲ್ಲ ಮಸಿ ಕಟ್ಟಿತು. ಬಾಯ್ಲರಿಗೆ ವಾಪಸ್ ಬರುವ ನೀರು ತಣ್ಣಗಿದ್ದರೆ ಹೊಗೆಯ ತೇವ ಒಳಗೇ ಇಳಿದು ತುಕ್ಕು ಹಿಡಿಯುತ್ತದೆ, ಹಾಗಾಗಿ ಇನ್ನೂ ಇಳಿಸಲು ಭಯ. ಟೈಮರ್ ಹಾಕಿದರೂ ಅದೇ ಕತೆ.

ನನಗೆ ಅನುಮಾನ ಸೆನ್ಸರ್ ಮೇಲೆ. ಟ್ಯಾಂಕಿನ ನಡುವೆ ಒಂದೇ ಇದೆ, ಎರಡೂ ಯಂತ್ರ ಅದನ್ನೇ ನೋಡುತ್ತವೆ. ಬಿಸಿನೀರು ಮೇಲೇ ನಿಲ್ಲುತ್ತದೆ ಅಲ್ವಾ? ಹಾಗಾದರೆ ಬಾಯ್ಲರ್ ಪೈಪುಗಳನ್ನು ಟ್ಯಾಂಕಿನ ಮೇಲರ್ಧಕ್ಕೆ ಮಾತ್ರ ಕೊಟ್ಟು, ಪಂಪಿಗೆ ಕೆಳಗೆ ಬೇರೆ ಸೆನ್ಸರ್ ಇಟ್ಟರೆ ಸಾಕೇ? ಅಥವಾ ಪಂಪಿಗೆ ಬೇರೆ ಟ್ಯಾಂಕೇ ಬೇಕೇ? ಹೀಗೆ ಎರಡನ್ನೂ ಜೋಡಿಸಿ ನಡೆಸುತ್ತಿರುವವರು ದಯವಿಟ್ಟು ಹೇಳಿ.