ಮನೆ ಹಿಂದಿನ ಹಳ್ಳದ ದಡ ಕುಸಿಯುತ್ತಿದೆ, ಎಲ್ಲಿಂದ ಶುರು ಮಾಡಬೇಕು?

ನಮ್ಮ ಬಡಾವಣೆಯ ಹಿಂದೆ ಒಂದು ಸಣ್ಣ ಹಳ್ಳ ಇದೆ. ಹತ್ತು ವರ್ಷದ ಹಿಂದೆ ಮಕ್ಕಳು ಸಲೀಸಾಗಿ ಇಳಿದು ಆಡುತ್ತಿದ್ದರು. ಈಗ ಆಳೆತ್ತರದ ದಡ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಪ್ರತಿ ಮಳೆಗೂ ಒಂದಷ್ಟು ಮಣ್ಣು ಜರಿಯುತ್ತದೆ, ನೀರು ಎರಡು ಮೂರು ದಿನ ಬಗ್ಗಡವಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಪಾಚಿ, ವಾಸನೆ. ಹದಿನೈದು ಮನೆಯವರು ಸೇರಿದ್ದೇವೆ. ಕೆಲವರು ಕಲ್ಲಿನ ಗೋಡೆ ಕಟ್ಟಿಸೋಣ ಅಂತಾರೆ, ಕೆಲವರು ಗಿಡ ನೆಡೋಣ ಅಂತಾರೆ. ನಮಗೆ ಮುಖ್ಯವಾಗಿ ನೀರು ಚೆನ್ನಾಗಬೇಕು. ಇಂಥ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

—

ನಾವು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ, ನಿಮಗೆ ಒಂದು ವರ್ಷ ಉಳಿಯಬಹುದು.

ನಾವೂ ಮೊದಲು ದಡಕ್ಕೇ ಕೈ ಹಾಕಿದೆವು. ತಿರುವಿನಲ್ಲಿ ಜಾಸ್ತಿ ಕೊರೆದಿದ್ದ ಕಡೆ ಗಿಡ ನೆಟ್ಟೆವು, ಬುಡಕ್ಕೆ ಕಲ್ಲು ಜೋಡಿಸಿದೆವು. ಮೊದಲ ದೊಡ್ಡ ಮಳೆಗೆ ಗಿಡ, ಕಲ್ಲು, ಮಣ್ಣು ಎಲ್ಲಾ ಒಟ್ಟಿಗೆ ಹೋಯಿತು. ಆಮೇಲೆ ಒಬ್ಬ ಹಿರಿಯರು ಹೇಳಿದರು, ಮಳೆ ಬರುತ್ತಿರುವಾಗಲೇ ಹಳ್ಳದ ಮೇಲ್ಭಾಗಕ್ಕೆ ನಡೆದು ನೋಡಿ ಅಂತ. ಕೊಡೆ ಹಿಡಿದು ಹೋದೆವು. ರಸ್ತೆ ಬದಿಯ ಮೂರು ಮೋರಿಗಳು ನೀರನ್ನು ನೇರವಾಗಿ ಹಳ್ಳಕ್ಕೆ ಸುರಿಯುತ್ತಿದ್ದವು. ಮಳೆ ಶುರುವಾಗಿ ಹತ್ತು ನಿಮಿಷ ಕೂಡ ಆಗಿರಲಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 25 ಮಿ.ಮೀ. ಮಳೆ ಬಿದ್ದರೆ 2,500 ಲೀಟರ್. ಅದೇ ಜಾಗ ಹುಲ್ಲುಗಾವಲಾಗಿದ್ದರೆ ಅದರಲ್ಲಿ ಬಹುಪಾಲು ಇಂಗಿ, ನಿಧಾನವಾಗಿ ಹಳ್ಳ ಸೇರುತ್ತಿತ್ತು. ಈಗ ಎಲ್ಲಾ ಮನೆ, ಎಲ್ಲಾ ರಸ್ತೆಯ ನೀರು ಒಂದೇ ಹೊತ್ತಿಗೆ ನುಗ್ಗುತ್ತದೆ. ಹಳ್ಳಕ್ಕೆ ನೀರು ಬರುವ ಪ್ರದೇಶದಲ್ಲಿ ಸುಮಾರು 10% ನೆಲ ಕಾಂಕ್ರೀಟ್, ಡಾಂಬರು, ಚಾವಣಿ ಆದಾಗಲೇ ಹಳ್ಳ ಕೆಡಲು ಶುರುವಾಗುತ್ತದೆ, 25% ದಾಟಿದರೆ ಸುಧಾರಿಸುವುದು ಬಹಳ ಕಷ್ಟ ಅಂತ ಈ ಕ್ಷೇತ್ರದವರು ಹೇಳುತ್ತಾರೆ.

ಇನ್ನೊಂದು ವಿಷಯ ನನಗೆ ಕಣ್ಣು ತೆರೆಸಿತು. ಲೇನ್ ಎಂಬ ಎಂಜಿನಿಯರ್ 1955ರಲ್ಲಿ ಹೇಳಿದ ಹರಿಯುವ ನೀರಿನ ಸಮತೋಲನವನ್ನು ತಕ್ಕಡಿಯ ಹಾಗೆ ತೋರಿಸುತ್ತಾರೆ. ಒಂದು ತಟ್ಟೆಯಲ್ಲಿ ನೀರಿನ ಪ್ರಮಾಣ ಮತ್ತು ಇಳಿಜಾರು, ಇನ್ನೊಂದರಲ್ಲಿ ಮಣ್ಣು, ಮರಳು, ಕಲ್ಲಿನ ಪ್ರಮಾಣ ಮತ್ತು ಗಾತ್ರ. ನೀರು ಜಾಸ್ತಿಯಾಯಿತು, ಮೇಲಿಂದ ಬರುವ ಮರಳು ಕಡಿಮೆಯಾಯಿತು ಅಂದರೆ ಹಳ್ಳ ತನ್ನ ತಳವನ್ನೇ ಕೊರೆದು ತೂಕ ಸರಿ ಮಾಡಿಕೊಳ್ಳುತ್ತದೆ. ನಿಮ್ಮ ಆಳೆತ್ತರದ ದಡ ಹೆಚ್ಚುಕಡಿಮೆ ಹಾಗೇ ಆಗಿರಬೇಕು. ನೀರಿನ ರಭಸ ತಗ್ಗಿಸದೆ ದಡ ಎಷ್ಟು ಸಲ ಕಟ್ಟಿದರೂ ಅದು ಮತ್ತೆ ಕೊರೆಯುತ್ತದೆ.

ಹಾಗಾಗಿ ಒಂದು ಇಡೀ ವರ್ಷ ನಾವು ಹಳ್ಳ ಮುಟ್ಟಲೇ ಇಲ್ಲ. ಚಾವಣಿ ನೀರನ್ನು ಇಂಗುಗುಂಡಿಗೆ ತಿರುಗಿಸಿದೆವು. ಮೋರಿ ಹಳ್ಳ ಸೇರುವ ಬಾಯಲ್ಲಿ ಅಗಲವಾದ, ಆಳವಿಲ್ಲದ ತಗ್ಗು ತೋಡಿ, ನೀರು ಬೀಳುವ ಕಡೆ ದಪ್ಪ ಕಲ್ಲು ಹಾಸಿ, ಉಳಿದ ಕಡೆ ಜೊಂಡು ಬೆಳೆಸಿದೆವು. ನೀರು ಅಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ಆ ಹೂಳನ್ನು ಪ್ರತಿ ವರ್ಷ ತೆಗೆಯಲೇಬೇಕು, ಇದನ್ನು ಮರೆತರೆ ಎಲ್ಲಾ ವ್ಯರ್ಥ.

ದಡದ ಕೆಲಸ ಆಮೇಲೆ. ದಡ ಮೇಲಿಂದ ಕುಸಿದ ಹಾಗೆ ಕಂಡರೂ ಪೆಟ್ಟು ಬೀಳುವುದು ಬುಡಕ್ಕೆ. ಬುಡ ಟೊಳ್ಳಾದ ಮೇಲೆ ಮೇಲಿನ ಮಣ್ಣು ತಾನಾಗಿ ಜರಿಯುತ್ತದೆ. ಎಷ್ಟೋ ಸಲ ನೆರೆ ಇಳಿದ ಮೇಲೆ ಕುಸಿಯುತ್ತದೆ, ಯಾಕೆಂದರೆ ಮಣ್ಣು ನೆನೆದು ಭಾರವಾಗಿರುತ್ತದೆ, ಒತ್ತಿ ಹಿಡಿದಿದ್ದ ನೀರು ಇರುವುದಿಲ್ಲ. ದಯವಿಟ್ಟು ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಡಬೇಡಿ. ನಾವು ನೆಟ್ಟಗಿದ್ದ ದಡವನ್ನು ಇಳಿಜಾರಾಗಿ ಕಡಿದು, ಬುಡಕ್ಕೆ ಕಲ್ಲು ಕೊಟ್ಟು, ಮೇಲೆ ತೆಂಗಿನ ನಾರಿನ ಚಾಪೆ ಹೊದಿಸಿ ಗೂಟ ಹೊಡೆದೆವು. ಚಾಪೆ ಕೆಲವು ವರ್ಷಕ್ಕೆ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಬೇರು ಮಣ್ಣನ್ನು ಹಿಡಿದಿರಬೇಕು. ಚಾಪೆಯ ನಡುವೆ, ಹಳ್ಳದ ದಡದಲ್ಲಿ ಬೆಳೆಯುವ ನೀರಂಜಿ ಮರದ ಹಸಿ ಕಡ್ಡಿ ನೆಟ್ಟೆವು. ಹೆಬ್ಬೆರಳು ದಪ್ಪ, ಮುಕ್ಕಾಲು ಭಾಗ ಮಣ್ಣೊಳಗೆ, ಮೊಗ್ಗು ಮೇಲ್ಮುಖವಾಗಿ. ಕಡಿದ ದಿನವೇ ನೆಡಿ, ಆಗದಿದ್ದರೆ ನೀರಲ್ಲಿ ನೆನೆಸಿಡಿ. ತಲೆಕೆಳಗಾಗಿ ನೆಟ್ಟ ನಮ್ಮ ಒಂದು ಸಾಲು ಪೂರ್ತಿ ಒಣಗಿತು.

—

ಗೋಡೆಯ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಕಟ್ಟಿಸಿದ್ದರು. ಗೋಡೆ ಇವತ್ತಿಗೂ ಗಟ್ಟಿಯಾಗಿದೆ. ಆದರೆ ನುಣುಪು ಗೋಡೆಗೆ ತಾಗಿದ ನೀರು ಇನ್ನೂ ಜೋರಾಗಿ ಹೋಗಿ, ಗೋಡೆ ಮುಗಿದ ಕಡೆ ಎದುರು ದಡವನ್ನು ಕೊರೆಯಿತು. ಅಲ್ಲಿದ್ದದ್ದು ಬೇರೆಯವರ ಜಾಗ. ಅವರ ಜೊತೆ ಮನಸ್ತಾಪ ಇನ್ನೂ ಹೋಗಿಲ್ಲ, ತಪ್ಪು ನಮ್ಮದೇ. ಕಟ್ಟಡ ಬಿದ್ದೇ ಹೋಗುತ್ತದೆ ಅನ್ನುವ ಜಾಗದಲ್ಲಿ ಮಾತ್ರ ಗೋಡೆ ಯೋಚಿಸಿ. ಕೆಳಗಿನವರನ್ನು ಮೊದಲೇ ಕೂರಿಸಿ ಮಾತಾಡಿ, ಅನುಮತಿಯನ್ನೂ ಮೊದಲೇ ತೆಗೆದುಕೊಳ್ಳಿ.

—

ನೀರು ಚೆನ್ನಾಗಬೇಕು ಅಂದಿರಲ್ಲ, ಅದಕ್ಕೆ ಸೇರಿಸುತ್ತೇನೆ. ನೀವು ಹೇಳಿದ ಬಗ್ಗಡ ಮತ್ತು ಪಾಚಿಗೆ ನಂಟಿದೆ. ರಂಜಕ (ಫಾಸ್ಫರಸ್) ಎಂಬ ಪೋಷಕಾಂಶ ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ. ದಡ ಜರಿದಾಗಲೆಲ್ಲ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಅಷ್ಟರ ಮಟ್ಟಿಗೆ ದಡ ನಿಂತರೆ ನೀರು ಸುಧಾರಿಸುತ್ತದೆ.

ಪಾಚಿಯ ಇನ್ನೊಂದು ಪೋಷಕಾಂಶವಾದ ನೈಟ್ರೇಟ್ ಕಥೆ ಬೇರೆ. ಅದು ನೀರಲ್ಲೇ ಕರಗಿರುತ್ತದೆ. ಎಲೆ, ಕಸಕಡ್ಡಿ ಕೊಳೆಯುವ, ಸದಾ ಒದ್ದೆ ಇರುವ, ಗಾಳಿ ಆಡದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ಹಳ್ಳ ಆಳಕ್ಕೆ ಇಳಿದರೆ ಪಕ್ಕದ ನೆಲ ಒಣಗಿ ಈ ಕೆಲಸ ನಿಂತೇ ಹೋಗುತ್ತದೆ. ಜಾಗ ಇದ್ದರೆ ಹಳ್ಳದ ಪಕ್ಕದ ನೆಲ ಕಡಿದು ಮೆಟ್ಟಿಲಿನಂಥ ತಗ್ಗಾದ ಒಂದು ಸಮತಟ್ಟು ಜಾಗ ಮಾಡಿ, ಸಣ್ಣ ನೆರೆ ಕೂಡ ಅದರ ಮೇಲೆ ಹರಡುವ ಹಾಗೆ. ಸಿಂಗಪುರದಲ್ಲಿ ಕಲ್ಲಂಗ್ ನದಿಯ 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿ.ಮೀ. ಅಂಕುಡೊಂಕು ನದಿಯಾಗಿ ಮಾಡಿದರು, 2012ರಲ್ಲಿ ಮುಗಿಯಿತು. ಮಳೆ ಬಂದಾಗ ಪಾರ್ಕಿನ ಹುಲ್ಲಿನ ಮೇಲೇ ನೀರು ಹರಡುತ್ತದೆ. ಅಲ್ಲಿನ ಹಾಗೆ ದೊಡ್ಡದಾಗಿ ಮಾಡಬೇಕಿಲ್ಲ, ಯೋಚನೆ ಮಾತ್ರ ಅದೇ ಇರಲಿ.

ನೆರಳೂ ಬೇಕು. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಗೆ ಏಳೂವರೆ. ಬಿಸಿಲಿಗೆ ತೆರೆದ ಹಳ್ಳದಲ್ಲಿ ಮೀನಿಗೆ ಉಸಿರು ಕಟ್ಟುತ್ತದೆ, ಪಾಚಿಗೆ ಹಬ್ಬ.

ಆದರೆ ವಾಸನೆ ಅಂದಿದ್ದೀರಿ, ಅದು ನನಗೆ ಚಿಂತೆ. ಮಳೆ ಬಿಟ್ಟು ನಾಲ್ಕೈದು ದಿನ ಆದ ಮೇಲೂ ಯಾವುದಾದರೂ ಪೈಪಿನಿಂದ ನೀರು ಬರುತ್ತಿದೆಯಾ ನೋಡಿ. ಬೂದು ಬಣ್ಣ, ಸೋಪಿನ ನೊರೆ ಇದ್ದರೆ ಅದು ಯಾರದೋ ಮನೆಯ ಕೊಳಚೆ. ಅದನ್ನು ಬಿಟ್ಟು ಎಷ್ಟು ಗಿಡ ನೆಟ್ಟರೂ ನೀರು ಬದಲಾಗುವುದಿಲ್ಲ.

—

ಅಳತೆ ಮಾಡದೆ ಕೆಲಸ ಶುರು ಮಾಡಬೇಡಿ. ನಾವು ಅರ್ಧ ಮೀಟರಿನ ಕಬ್ಬಿಣದ ಸರಳುಗಳನ್ನು ದಡಕ್ಕೆ ಅಡ್ಡಲಾಗಿ, ತಲೆ ಮಾತ್ರ ಕಾಣುವ ಹಾಗೆ ಹೊಡೆದಿದ್ದೆವು. ಪ್ರತಿ ಮಳೆಯ ನಂತರ ಎಷ್ಟು ಸರಳು ಹೊರಗೆ ಬಂದಿದೆ ಅಂತ ಬರೆದಿಟ್ಟರೆ ಎಷ್ಟು ಮಣ್ಣು ಹೋಯಿತು ಅಂತ ಗೊತ್ತಾಗುತ್ತದೆ. ಮಕ್ಕಳು ಕಲ್ಲು ತಿರುವಿ ಹುಳ ಎಣಿಸುತ್ತಿದ್ದರು. ಮೊದಲ ವರ್ಷ ಕೆಂಪು ಎರೆಯಂಥ ಹುಳ ಮಾತ್ರ. ಮೂರನೇ ವರ್ಷ ಮೇಫ್ಲೈ ಎಂಬ ಕೀಟದ ಮರಿ ಸಿಕ್ಕಿತು. ಅದರ ಹೆಚ್ಚಿನ ಜಾತಿಗಳು ಕೊಳಕು ನೀರಲ್ಲಿ ಬದುಕುವುದಿಲ್ಲ. ಆ ದಿನ ನಮ್ಮ ಸಂತೋಷ ಹೇಳತೀರದು.

ಇನ್ನೊಂದು, ಬಿದ್ದ ಮರದ ಕಾಂಡ ಸುಮ್ನೆ ಎಳೆದು ಹಾಕಬೇಡಿ. ಅದರಿಂದ ಮೋರಿ ಕಟ್ಟಿಕೊಳ್ಳುವುದಿಲ್ಲ ಅಂತಾದರೆ ಇರಲಿ. ಅದರ ಹಿಂದೆ ಮಡು ಆಗುತ್ತದೆ, ಎಲೆ ನಿಲ್ಲುತ್ತದೆ, ಮೀನು ಸೇರುತ್ತದೆ.

—

ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಧನ್ಯವಾದ. ಒಂದು ವಾರದಿಂದ ಮಳೆ ಇಲ್ಲ, ಇವತ್ತು ಬೆಳಿಗ್ಗೆ ಆರು ಜನ ಮೇಲಿನವರೆಗೆ ನಡೆದು ಬಂದೆವು. ನಾಲ್ಕು ಪೈಪ್ ಒಣಗಿದ್ದವು. ಐದನೆಯದರಿಂದ ಬೂದು ನೀರು ಬರುತ್ತಿತ್ತು, ನೊರೆ ಕೂಡ ಇತ್ತು. ಫೋಟೊ ತೆಗೆದಿದ್ದೇವೆ. ನಮ್ಮ ಕಡೆ ದಡದಿಂದ ಕಾಂಪೌಂಡಿಗೆ ಹತ್ತು ಅಡಿ ಮಾತ್ರ ಇದೆ, ಎದುರುಗಡೆ ಖಾಲಿ ಜಾಗ. ಏನು ಮಾಡಬಹುದು?

—

ಮೊದಲು ಆ ಐದನೇ ಪೈಪು. ಪೈಪಿನ ಸಾಲಿನಲ್ಲಿರುವ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಒಂದೊಂದಾಗಿ ನೋಡುತ್ತಾ ಹೋದರೆ ಯಾವ ಮನೆಯ ಸಾಲಿನಿಂದ ಬರುತ್ತಿದೆ ಅಂತ ಸಿಗುತ್ತದೆ, ಆದರೆ ಒಳಗೆ ಯಾರೂ ಇಳಿಯಬಾರದು, ವಿಷಗಾಳಿ ಇರುತ್ತದೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ ಎಷ್ಟೋ ಸಲ, ಬೈಯದೆ ಹೇಳಿ. ದಡವನ್ನು ಇಳಿಜಾರಾಗಿ ಕಡಿಯುವುದು ನಿಮ್ಮ ಕಡೆ ಬೇಡ, ಜಾಗ ಸಾಲುವುದಿಲ್ಲ. ಎದುರು ದಡದ ಮಾಲೀಕರು ಒಪ್ಪಿದರೆ ಮೆಟ್ಟಿಲನ್ನು ಆ ಕಡೆ ಮಾಡಿ, ನೆರೆ ಅತ್ತ ಹರಡಿದರೆ ನಿಮ್ಮ ಬುಡಕ್ಕೆ ಬೀಳುವ ಪೆಟ್ಟು ತಗ್ಗುತ್ತದೆ. ಸರಳುಗಳನ್ನು ಮಾತ್ರ ಈ ವಾರವೇ ಹೊಡೆಯಿರಿ, ಮುಂದಿನ ಮಳೆ ಬರುವ ಮೊದಲು.